ಹುಕುಂ ನನ್ನ ಕೈಯಲ್ಲೇ ಇತ್ತು

ಇಸ್ಪೀಟಾಟದಲ್ಲಿ ನನ್ನನ್ನು ಸೋಲಿಸುವ ಗಂಡಸು ಬೀದರ ಜಿಲ್ಲೆಯಲ್ಲಿ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಖಟಕ ಚಿಂಚೋಳಿಯ ನನ್ನ ಮಾವನವರ ಜೊತೆ ಏಳು ವರ್ಷ ತೀನ್ ಪತ್ತಿ ಆಡಿದ್ದೆ, ಒಮ್ಮೆಯೂ ಸೋತಿರಲಿಲ್ಲ. ಮಾವನವರಿಗೆ ಚಾಳೀಸು ಇಲ್ಲದೆ ಎಲೆ ಕಾಣುತ್ತಿರಲಿಲ್ಲ. ಆಟದ ಹೊತ್ತಿಗೆ ಆ ಚಾಳೀಸು ಎಲ್ಲಿದೆ ಎಂಬುದು ನನಗೊಬ್ಬನಿಗೇ ಗೊತ್ತಿರುತ್ತಿತ್ತು. ಅದು ಸಣ್ಣ ವಿಷಯ, ಬಿಡಿ.

ಇನ್ನೊಂದರಲ್ಲಿಯೂ ನಾನು ಜಿಲ್ಲೆಗೆ ಮೊದಲಿಗ. ಅದು ಹೆದರಿಕೆ. ಕಚೇರಿಗೆ ಟಪಾಲು ಬಂದರೆ ನನಗೆ ಹೆದರಿಕೆ. ಬಾರದಿದ್ದರೆ ಇನ್ನೂ ಹೆದರಿಕೆ. ಮೇಲಿನವರು ಬೈದರೆ ಹೆದರುತ್ತಿದ್ದೆ, ನಕ್ಕರೆ ರಜೆ ಹಾಕುತ್ತಿದ್ದೆ!

ಆ ವರ್ಷ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಚಿದ್ರಿಯ ಅದೇ ಬಾಡಿಗೆ ಮನೆಯಲ್ಲಿ, ಅದೇ ಹೊರಸಿನ ಮೇಲೆ ಮಲಗಿದ್ದುಕೊಂಡೇ ನಾನು ಮೂರನೇ ಸರಕಾರ ಕಂಡೆ. ನಿಜಾಮರ ಕಾಲದ ಕೊನೆಗೆ ಅಹಲ್ಕಾರ, ಅಂದರೆ ಗುಮಾಸ್ತನಾಗಿ ಸೇರಿದವನು ನಾನು. ಫೈಲಿನಲ್ಲಿ ಉರ್ದು ಬರೆಯುತ್ತಿದ್ದೆ, ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆ. ಮಾತಾಡುವ ಕನ್ನಡವನ್ನು ಒಂದು ದಿನ ಬರೆಯಲೂ ಬೇಕಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಈಗ ಮೈಸೂರಿನ ಕಡೆಯ ಹೊಸ ಸಾಹೇಬರು ಬಂದಿದ್ದರು. ಬಂದ ದಿನವೇ ಗೋಡೆಗೆ ಹೊಸ ರಾಜ್ಯದ ನಕ್ಷೆ ಹಾಕಿಸಿದರು.

ಒಂದು ಗುರುವಾರ ನನ್ನ ಪಕ್ಕದ ಮೇಜಿನ ಗಫೂರಮಿಯಾ ಪಾನಿನ ಡಬ್ಬಿ ಮುಚ್ಚಿ ನನ್ನ ಕಿವಿಯ ಹತ್ತಿರ ಬಂದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಅವರ ಉರ್ದು ಅಕ್ಷರ ಮುತ್ತು, ಕನ್ನಡದಲ್ಲಿ ತಮ್ಮ ಹೆಸರನ್ನೂ ಬರೆಯಲು ಬಾರದು.

“ವೈಜಿನಾಥ, ಖಬರ್ ಕೇಳ್ದಿ ಏನು? ನಮ್ಮ ಕಚೇರಿಂದ ಒಬ್ಬರಿಗಿ ಕೊಳ್ಳೇಗಾಲಕ್ಕ ಬದಲಿ ಮಾಡ್ಲತ್ತಾರ. ಕನ್ನಡ ಬರೀಲಾಕ ಬರದವರಿಗಿ.”

“ಕೊಳ್ಳೇಗಾಲ ಎಲ್ಲಿ ಬರ್ತದ್ರಿ?” ಎಂದೆ.

ಗಫೂರಮಿಯಾ ನಕ್ಷೆಯ ಮುಂದೆ ನಿಂತರು. ಬೀದರ ಮೇಲೆ, ನೆತ್ತಿಯಲ್ಲಿತ್ತು. ಅಲ್ಲಿ ಬೆರಳಿಟ್ಟು ಕೆಳಗೆ ಇಳಿಸತೊಡಗಿದರು. ಬೆರಳು ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ಕೊನೆಗೆ ಅವರು ಬಗ್ಗಬೇಕಾಯಿತು!

ಕೊಳ್ಳೇಗಾಲದಲ್ಲಿ ಮಾಟ ಮಾಡುತ್ತಾರೆ ಎಂದು ಯಾರೋ ಹೇಳಿದ್ದರು. ಜೋಳದ ರೊಟ್ಟಿ ಕಣ್ಣಿಗೂ ಬೀಳುವುದಿಲ್ಲ ಎಂದು ಇನ್ಯಾರೋ ಹೇಳಿದ್ದರು. ಇದರಲ್ಲಿ ಯಾವುದು ಹೆಚ್ಚು ಭಯಂಕರ ಎಂದು ನಾನು ಆ ದಿನವೆಲ್ಲ ಯೋಚಿಸಿದೆ.

ಆದರೆ ನಿಜವಾದ ಹೆದರಿಕೆ ಬೇರೆಯೇ ಇತ್ತು. ನನ್ನ ಹೆಂಡತಿ ಕಮಲಾಬಾಯಿಗೆ ಆಗ ಆರು ತಿಂಗಳು. ಮದುವೆಯಾಗಿ ಏಳು ವರ್ಷ, ಮನೆಗೆ ಬಂದವರೆಲ್ಲ ಕೇಳುವ ಒಂದೇ ಪ್ರಶ್ನೆಗೆ ಅವಳು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಈಗ ತಲೆ ಎತ್ತಿ ನಡೆಯುತ್ತಿದ್ದಳು. ಈ ಹೊತ್ತಿನಲ್ಲಿ ಅವಳನ್ನು ಕರೆದುಕೊಂಡು ನಕ್ಷೆಯ ತುದಿಗೆ ಹೋಗುವುದು ಹೇಗೆ? ಬಿಟ್ಟು ಹೋಗುವುದು ಹೇಗೆ?  

ಸುದ್ದಿ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ನಿಮ್ಮ ಹೆಸರು ಬಂದದೇನ್ರಿ?”

“ಇನ್ನಾ ಯಾರ ಹೆಸರೂ ಬಂದಿಲ್ಲ.”

“ಮತ್ಯಾಕ ಈಗೇ ಮಾರಿ ಹಿಂಗ ಮಾಡ್ಕೊಂಡೀರಿ? ಬಂದಮ್ಯಾಲ ಹೆದರ್ಲಾಕ ಒಂದೀಟು ಇಟ್ಕೋರಿ” ಎಂದಳು. ಅಂದು ರೊಟ್ಟಿ ಹೊತ್ತಿದವು. ಅವಳ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಗಫೂರಮಿಯಾ ಉಪಾಯದೊಂದಿಗೆ ಬಂದರು. “ಸಾಹೇಬರಿಗಿ ಇಸ್ಪೀಟದ ಶೋಕ್ ಅದ. ಐತವಾರ ಮಧ್ಯಾಹ್ನ ಕ್ಲಬ್ಬಿನಾಗ ಆಡ್ತಾರ. ನಾ ಇರ್ತೀನಿ, ಭಾಲ್ಕಿ ವಕೀಲರು ಇರ್ತಾರ. ನಾಕನೇದವ ಬೇಕಾಗ್ಯಾನ. ನೀ ಬಾ. ಬಂದು ಸೋಲು.”

“ಸೋಲ್ಬೇಕಾ?”

“ಹೌದು. ಸಾಹೇಬರು ಗೆದ್ರ ಖುಷ್. ಖುಷ್ ಆದ್ರ ನಿನ್ನ ಬದಲಿ ಮಾಡಂಗಿಲ್ಲ. ಆದ್ರ ಬೇಕಂತ ಸೋತಿ ಅಂತ ತಿಳೀಬಾರದು. ಮೊದಲನೇ ಆಟಕ್ಕೇ ಪ್ಯಾಕ್ ಅನಬ್ಯಾಡ.”

ತೀನ್ ಪತ್ತಿಯಲ್ಲಿ ಎಲೆ ಕೆಳಗಿಟ್ಟು ಆಟ ಬಿಡುವವನು ‘ಪ್ಯಾಕ್’ ಎನ್ನುತ್ತಾನೆ. ಇದು ನಮ್ಮ ಕಡೆ ದನ ಕಾಯುವವರಿಗೂ ಗೊತ್ತು. ನಾನು ನಕ್ಕೆ. ಸೋಲಲಿಕ್ಕೆ ವಿದ್ಯೆ ಬೇಕೇ? ಗೆಲ್ಲುವುದೇ ಬರುವ ನನಗೆ ಸೋಲುವುದು ಯಾವ ಲೆಕ್ಕ!

ಭಾನುವಾರ ಮಧ್ಯಾಹ್ನ ಮೂರಕ್ಕೆ ಇಸ್ತ್ರಿ ಮಾಡಿದ ಶೇರವಾನಿ ಹಾಕಿಕೊಂಡು ಕ್ಲಬ್ಬಿಗೆ ಹೋದೆ. ನಿಜಾಮರ ಕಾಲದ ಎತ್ತರದ ಕೋಣೆ, ಹಸಿರು ಬಟ್ಟೆ ಹೊದಿಸಿದ ದುಂಡು ಮೇಜು. ಸಾಹೇಬರು ತೆಳ್ಳಗಿನ ಆಸಾಮಿ, ಜೇಬಿನಲ್ಲಿ ಪೆನ್ನು, ಪೆನ್ನಿನ ಪಕ್ಕ ಮಡಿಚಿದ ಒಂದು ಕಾಗದ. ಆ ಕಾಗದ ನೋಡಿದ ಕೂಡಲೇ ನನಗೆ ಬಾಯಾರಿಕೆಯಾಯಿತು.

“ಬನ್ನಿ ವೈಜಿನಾಥ್, ಕೂತ್ಕೊಳ್ಳಿ. ಪೋಕರ್ ಬರತ್ತೇನ್ರೀ?”

“ಬರ್ತದ್ರಿ ಸಾಹೇಬ್ರ” ಎಂದೆ. ಆ ಹೆಸರನ್ನು ನಾನು ಕೇಳಿದ್ದು ಅದೇ ಗಳಿಗೆಯಲ್ಲಿ!

ಸಾಹೇಬರು ಅದನ್ನು ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಕಲಿತಿದ್ದರಂತೆ. ದುಡ್ಡು ಕಟ್ಟಿ ಆಡುವುದು ಅವರಿಗೆ ಆಗದು. ದುಡ್ಡಿನ ಬದಲು ಹುಣಸೆ ಬೀಜ. ಪ್ರತಿಯೊಬ್ಬರ ಮುಂದೆ ಒಂದು ಬಟ್ಟಲು ಬೀಜ ಇತ್ತು. ಐದೈದು ಎಲೆ, ಯಾರ ಕೈ ದೊಡ್ಡದೋ ಅವರಿಗೆ ಬೀಜ. ಕೈಯಲ್ಲಿ ಏನೂ ಇಲ್ಲದಿದ್ದರೂ ಇದ್ದ ಹಾಗೆ ಮುಖ ಮಾಡಿ ಎದುರಿನವರನ್ನು ಹೆದರಿಸಬಹುದು. ಈ ಕೊನೆಯ ಕಲೆಯನ್ನು ಸರಕಾರಿ ನೌಕರರಿಗೆ ಯಾರೂ ಕಲಿಸಬೇಕಾಗಿಲ್ಲ.

“ಇಸ್ಪೀಟು, ಆಟೀನು, ಡೈಮಂಡು, ಕಳಾವರ್” ಎಂದು ಸಾಹೇಬರು ಒಂದೊಂದೇ ಎಲೆ ಎತ್ತಿ ತೋರಿಸಿದರು. ನಾವು ಮೂವರೂ ತಲೆಯಾಡಿಸಿದೆವು. ನಮ್ಮ ಕಡೆ ಇಸ್ಪೀಟು ಅಂದರೆ ಐವತ್ತೆರಡೂ ಎಲೆ. ಅವರು ಇಸ್ಪೀಟು ಎಂದ ಕರಿ ಎಲೆಗೆ ನಾವು ಹುಕುಂ ಎನ್ನುತ್ತೇವೆ. ಇದನ್ನು ಸಾಹೇಬರಿಗೆ ಹೇಳುವ ಧೈರ್ಯ ಮೂವರಿಗೂ ಬರಲಿಲ್ಲ. ಒಬ್ಬರು ಬಾಯಿ ಬಿಟ್ಟಿದ್ದರೆ ನಾನು ಈ ಬರಹ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಮೊದಲನೇ ಆಟ. ನನಗೆ ಎರಡು ರಾಜ ಬಂದವು. ಬೇಡವಾದ ಎಲೆ ಕೊಟ್ಟು ಬೇರೆ ತೆಗೆದುಕೊಳ್ಳಬಹುದಿತ್ತು. ನಾನು ಸೋಲಲೇಬೇಕೆಂಬ ಶ್ರದ್ಧೆಯಿಂದ ಎರಡೂ ರಾಜರನ್ನು ಹೊರಗೆ ಹಾಕಿದೆ. ಬದಲಿಗೆ ಬಂದವು ಎರಡು ಎಲೆ. ಕೈಯಲ್ಲಿ ಮೂರು ಚೌಕಟ್ಟು, ಅಂದರೆ ಸಾಹೇಬರ ಡೈಮಂಡು, ಇದ್ದವು, ಬಂದವೂ ಚೌಕಟ್ಟು. ಐದೂ ಒಂದೇ ಜಾತಿ!

“ಫ್ಲಶ್!” ಎಂದರು ಸಾಹೇಬರು. ಅವರ ಬೀಜ ನನ್ನ ಮುಂದೆ ಬಂದವು. ಮೇಜಿನ ಕೆಳಗೆ ಗಫೂರಮಿಯಾ ನನ್ನ ಕಾಲು ತುಳಿದರು.

ಎರಡನೇ ಆಟಕ್ಕೆ ನಾನು ಹುಷಾರಾದೆ. ಈ ಸಲ ದೊಡ್ಡ ಎಲೆ ಬಂದರೆ ಒಂದನ್ನೂ ಇಟ್ಟುಕೊಳ್ಳಬಾರದು. ಸಾಹೇಬರು ಏನೋ ವಿವರಿಸುತ್ತಿದ್ದರು. ನನ್ನ ಕಣ್ಣು ಅವರ ಜೇಬಿನ ಕಾಗದದ ಮೇಲಿತ್ತು, ಕಿವಿ ಕೆಲಸ ಮಾಡಲಿಲ್ಲ. ರಾಣಿ, ಗುಲಾಮ ಎಲ್ಲವನ್ನೂ ಹೊರಗೆ ಹಾಕಿ ಸಣ್ಣ ಸಣ್ಣ ಎಲೆ ಕೂಡಿಸಿದೆ. ಬಿಚ್ಚಿ ಇಟ್ಟಾಗ ಅಷ್ಟು ದರಿದ್ರವಾದ ಕೈ ಮೇಜಿನ ಮೇಲೆ ಇನ್ನೊಂದಿರಲಿಲ್ಲ. ನನಗೆ ಉಸಿರು ಬಂತು.

“ವಾಹ್! ಇದನ್ನೇ ನಾನು ಹೇಳಿದ್ದು. ಈ ಆಟದಲ್ಲಿ ಕೆಟ್ಟ ಕೈಗೇ ಗೆಲುವು!” ಎಂದರು ಸಾಹೇಬರು.

ಬೀಜ ಮತ್ತೆ ನನ್ನ ಮುಂದೆ. ಗಫೂರಮಿಯಾ ನನ್ನ ಇನ್ನೊಂದು ಕಾಲನ್ನೂ ತುಳಿದರು.

ಮೂರನೇ ಆಟ ಬೇರೆ. ಏಳು ಎಲೆ, ಅದರಲ್ಲಿ ನಾಲ್ಕು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಪ್ರತಿ ಸುತ್ತಿಗೂ ಆಟ ಬದಲಾಗುತ್ತಿತ್ತು. ಒಂದನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಂದು! ನಮ್ಮ ಬೀದರಿನವರಿಗೆ ಇದು ಹೊಸದಲ್ಲ, ಸರಕಾರಗಳೂ ಹಾಗೆಯೇ ಬದಲಾಗಿದ್ದವು. ಆದರೂ ಮೊದಲ ಆಟದಿಂದ ಹಿಡಿದ ಬೆವರು ನನ್ನ ಹಣೆ ಬಿಟ್ಟಿರಲಿಲ್ಲ. ಭಾಲ್ಕಿಯ ವಕೀಲರು ನನ್ನ ಮುಖವನ್ನೇ ನೋಡುತ್ತಿದ್ದರು.

“ಮೂರೂ ಆಟದಾಗ ಈ ಮನಷ್ಯಾನ ಮಾರಿ ಒಂದೇ ಥರಾ ಅದ ನೋಡ್ರಿ ಸಾಹೇಬ್ರ” ಎಂದರು ವಕೀಲರು. “ಛಲೋ ಎಲಿ ಬಂದಾಗೂ ಇದೇ ಮಾರಿ, ಖರಾಬ್ ಬಂದಾಗೂ ಇದೇ ಮಾರಿ. ಪಕ್ಕಾ ಖಿಲಾಡಿ! ನಾ ಬಿಟ್ಟೆ.”

ಗಫೂರಮಿಯಾ ಮೊದಲೇ ಬಿಟ್ಟಿದ್ದರು. ಸಾಹೇಬರು ಬಹಳ ಹೊತ್ತು ನನ್ನನ್ನು ದಿಟ್ಟಿಸಿ, ನಿಟ್ಟುಸಿರು ಬಿಟ್ಟು, ತಮ್ಮ ಎಲೆ ಕೆಳಗಿಟ್ಟರು. ಅವರ ಹತ್ತಿರ ಮೂರು ರಾಣಿಯರಿದ್ದರು. ನನ್ನ ಹತ್ತಿರ ಏನೂ ಇರಲಿಲ್ಲ! ಅಧಿಕಾರಿಯೊಬ್ಬರು ನನ್ನನ್ನು ನೋಡಿ ಹಿಂದೆ ಸರಿದದ್ದು ನನ್ನ ಸೇವಾವಧಿಯಲ್ಲಿ ಅದೊಂದೇ ಸಲ.

ಬೀಜದ ರಾಶಿ ನನ್ನ ಗದ್ದದವರೆಗೆ ಏರಿತ್ತು. ಸಾಹೇಬರ ಬಟ್ಟಲಿನ ತಳ ಕಾಣುತ್ತಿತ್ತು. ಅವರು ನಗಲಿಲ್ಲ. ಜೇಬಿನ ಕಾಗದವನ್ನು ಒಮ್ಮೆ ಹೊರಗೆ ತೆಗೆದು, ನೋಡಿ, ಮತ್ತೆ ಒಳಗಿಟ್ಟರು. ಕೊಳ್ಳೇಗಾಲ ಇನ್ನು ದೂರವಿಲ್ಲ ಎಂದು ನನಗೆ ಖಾತ್ರಿಯಾಯಿತು. ಕಮಲಾಬಾಯಿಯ ಮುಖ ಕಣ್ಣ ಮುಂದೆ ಬಂತು. ಬದುಕಲು ಇನ್ನೊಂದೇ ಆಟ ಉಳಿದಿತ್ತು. ಏನು ಬಂದರೂ ಸರಿ, ಪ್ಯಾಕ್ ಎಂದುಬಿಡುವುದು ಎಂದು ತೀರ್ಮಾನಿಸಿದೆ.

ಸಾಹೇಬರೇ ಎಲೆ ಹಂಚಿದರು. ನಾನು ಐದೂ ಎಲೆ ಎತ್ತಿ ನೋಡಿದೆ. ಹುಕುಂ. ಹುಕುಂ. ಹುಕುಂ. ಹುಕುಂ. ಹುಕುಂ! ಎಕ್ಕದಿಂದ ಹಿಡಿದು ಐದೂ ಹುಕುಂ! ದೇವರು ಕೊಟ್ಟರೆ ಹೀಗೂ ಕೊಡಬಾರದು.

“ಯಾಕ್ರೀ ಇಷ್ಟು ಬೆವರ್ತಿದೀರಿ? ಏನಾಯ್ತು?” ಎಂದರು ಸಾಹೇಬರು.

ಹೆದರಿಕೆಯಲ್ಲಿ ಬಾಯಿಂದ ಸತ್ಯ ಬಂದುಬಿಟ್ಟಿತು. “ಹುಕುಂ ಬಂದದ್ರಿ ಸಾಹೇಬ್ರ.”

ಸಾಹೇಬರು ಬೀದರಿಗೆ ಬಂದು ಎರಡು ತಿಂಗಳಾಗಿತ್ತು. ನಮ್ಮ ಕಚೇರಿಯಲ್ಲಿ ಸರಕಾರಿ ಅಪ್ಪಣೆಗೆ ಹುಕುಂ ಎನ್ನುತ್ತಾರೆ ಎಂಬುದನ್ನು ಅಷ್ಟರಲ್ಲಿ ಚೆನ್ನಾಗಿ ಕಲಿತಿದ್ದರು. ಆ ಶಬ್ದಕ್ಕೆ ಇನ್ನೊಂದು ಅರ್ಥ ಇದೆ ಎಂಬುದನ್ನು ಕಲಿತಿರಲಿಲ್ಲ. ಅವರು ಎಲೆ ಕೆಳಗಿಟ್ಟರು.

“ಬಂತಾ? ಯಾರ್ರೀ ಕೊಟ್ಟಿದ್ದು?”

“ತಾವೇ ಕೊಟ್ಟೀರಲ್ರಿ!”

“ನಾನಾ? ನಾನಿನ್ನೂ ಸೈನ್ ಮಾಡೇ ಇಲ್ಲವಲ್ರೀ!”

ಈ ಆಟದಲ್ಲಿ ಎಲೆಗೆ ಸಹಿಯನ್ನೂ ಹಾಕುತ್ತಾರೇನೋ ಎಂದುಕೊಂಡೆ. ಮೂರು ಆಟ, ಮೂರು ಕಾನೂನು ನೋಡಿದವನಿಗೆ ಯಾವುದೂ ಆಶ್ಚರ್ಯವಲ್ಲ. “ಸಹಿ ಬ್ಯಾಡ್ರಿ ಸಾಹೇಬ್ರ. ನನ್ನ ಕೈಯಾಗೇ ಅದ.”

“ಓಹೋ. ಹಾಗಾದ್ರೆ ಕರಡು ನೋಡಿಬಿಟ್ಟಿದೀರಿ ಅನ್ನಿ. ಬೇಜಾರಾಯ್ತೇನ್ರೀ?”

“ಬೇಜಾರ್ ಯಾಕ್ರಿ? ಇಂಥಾ ಹುಕುಂ ನನ್ನ ಜನ್ಮದಾಗೇ ಬಂದಿದ್ದಿಲ್ಲ. ಎಲ್ಲಾರ ನಸೀಬದಾಗ ಎಲ್ಲಿ ಇರ್ತದ್ರಿ?”

ಸಾಹೇಬರ ಕಣ್ಣು ಹನಿಗೂಡಿತು. “ಈಗ ಏನು ಮಾಡ್ತೀರಿ?”

“ಪ್ಯಾಕ್ ರಿ.”

“ಪ್ಯಾಕಾ? ಈಗಲೇ?”

“ಈಗಲೇ ರಿ! ತಡಾ ಯಾಕ ಮಾಡ್ಬೇಕು?”

“ಮನೆಯವರು ಏನಂತಾರ್ರೀ?”

“ಮನಿಯವರಿಗಿ ಇದರಾಗ ಏನು ತಿಳೀತದ್ರಿ!”

ಸಾಹೇಬರು ಎದ್ದು ನಿಂತರು. ಮೇಜಿನ ಮೇಲಿಂದ ಬಾಗಿ ನನ್ನ ಕೈ ಹಿಡಿದು ಕುಲುಕಿದರು. “ನಿಮ್ಮಂಥ ಗುಮಾಸ್ತರು ಹತ್ತು ಜನ ಇದ್ರೆ ಈ ರಾಜ್ಯ ನಿಜವಾಗಿ ಒಂದಾಗತ್ತೆ ಕಣ್ರೀ!” ಎಂದು ಹೇಳಿ, ಜೇಬಿನ ಕಾಗದ ತೆಗೆದು, ಅದರಲ್ಲಿ ಏನನ್ನೋ ಹೊಡೆದುಹಾಕಿ, ಕೆಳಗೆ ಸಹಿ ಮಾಡಿದರು. ಗಫೂರಮಿಯಾ ತಮ್ಮ ಎಲೆಗಳನ್ನೇ ನೋಡುತ್ತ ಕುಳಿತಿದ್ದರು. ಈ ಸಲ ನನ್ನ ಕಾಲು ತುಳಿಯಲಿಲ್ಲ.

ನಾನು ಕುಣಿಯುತ್ತ ಮನೆಗೆ ಹೋದೆ. “ಕಮಲಾ, ಸೋತೆ! ಸಾಹೇಬರು ಕೈ ಕುಲುಕಿದರು! ಇನ್ನು ಯಾವ ಹೆದರಿಕಿನೂ ಇಲ್ಲ!”

ಸೋಮವಾರ ಹನ್ನೊಂದಕ್ಕೆ ಹುಕುಂ ನನ್ನ ಮೇಜಿಗೆ ಬಂತು. ಕರಿ ಎಲೆಯಲ್ಲ, ಬಿಳಿ ಕಾಗದ. ಓದಲು ಬಾರದಿದ್ದರೂ ಕೊಳ್ಳೇಗಾಲದ ಅಕ್ಷರಗಳನ್ನು ನಕ್ಷೆಯಲ್ಲಿ ಅಷ್ಟು ಸಲ ನೋಡಿದ್ದರಿಂದ ಗುರುತು ಸಿಕ್ಕಿತು. ಕುರ್ಚಿ ಹಿಡಿದು ನಿಂತೆ. ನೀರು ಕುಡಿದೆ. ಕುಡಿದದ್ದು ಮಸಿ ದೌತಿಯ ಪಕ್ಕದ, ಲೇಖನಿ ತೊಳೆಯುವ ನೀರು ಎಂದು ಆಮೇಲೆ ತಿಳಿಯಿತು.

ಸಂಜೆ ಮನೆಯಲ್ಲಿ ನಾನು ಗೋಡೆಗೆ ಒರಗಿ ಕುಳಿತಿದ್ದೆ. ಕಮಲಾಬಾಯಿ ಕಾಗದವನ್ನು ಎರಡು ಸಲ ಓದಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. ಆಗ ಹೊರಗೆ ಕೆಮ್ಮು ಕೇಳಿಸಿತು. ಗಫೂರಮಿಯಾ ಬಂದಿದ್ದರು. ಒಳಗೆ ಬರದೆ ಹೊಸ್ತಿಲ ಹತ್ತಿರ ನಿಂತರು.

“ವೈಜಿನಾಥ, ಆ ಕಾಗದದಾಗ ಇಬ್ಬರ ಹೆಸರಿತ್ತು. ನಿಂದು, ನಂದು. ಒಂದು ಹೊಡೀಬೇಕಾಗಿತ್ತು. ನನಗ ಶನಿವಾರೇ ಗೊತ್ತಾಗಿತ್ತು. ನೀ ಹುಕುಂ ಅಂದಾಗ, ಸಾಹೇಬರು ತಪ್ಪು ತಿಳೀಲತ್ತಾರ ಅಂತ ನನಗ ಸಮಜಾತು. ಒಂದು ಮಾತು ಹೇಳ್ಬೇಕಾಗಿತ್ತು. ಹೇಳಿಲ್ಲ.” ಅವರು ಪಾನಿನ ಡಬ್ಬಿ ತೆರೆದು, ಹಾಗೇ ಮುಚ್ಚಿದರು. “ಇಲ್ಲೇ ಬಾಜೂಕಿನ ಅಷ್ಟೂರಿನಾಗ ನನ್ನ ಅಮ್ಮೀಜಾನ್ ಹಾಸಿಗಿ ಹಿಡದಾಳ. ಆಕಿಗಿ ಬಿಟ್ಟು ಹ್ಯಾಂಗ ಹೋಗ್ಲಿ ಅನಿಸ್ತು. ಆದ್ರ ನಿನ್ನಿಯಿಂದ ಅನ್ನ ಇಳಿವಲ್ದು. ನಾಳಿ ಸಾಹೇಬರಿಗಿ ನಾನೇ ಹೋಗ್ತೀನಿ ಅಂತ ಹೇಳ್ತೀನಿ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನಷ್ಟೇ ಹೆದರಿದ ಇನ್ನೊಬ್ಬ ಮನುಷ್ಯನನ್ನು ನಾನು ಮೊದಲ ಸಲ ನೋಡಿದ್ದೆ.

“ಯಾರೂ ಹೋಗೂದು ಬ್ಯಾಡ್ರಿ ಭಾಯಿ. ಒಳಗ ಬರ್ರಿ” ಎಂದಳು ಕಮಲಾಬಾಯಿ. ಆಟದಲ್ಲಿ ಆಡಿದ ಮಾತನ್ನೆಲ್ಲ ಇಬ್ಬರಿಂದಲೂ ಕೇಳಿ, ಟ್ರಂಕು ತೆಗೆದು, ತಳದಿಂದ ಲೇಖನಿ ಹುಡುಕಿದಳು. ಅವಳು ಸಣ್ಣವಳಿದ್ದಾಗ ಭಾಲ್ಕಿಯ ಬಂಧುಗಳ ಮನೆಯಲ್ಲಿದ್ದು ಕಲಿತವಳು. ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ ಇದ್ದ ಶಾಲೆ ಅದು. ಅವಳಿಗೆ ಕನ್ನಡ ಬರೆಯಲು ಬರುತ್ತದೆಂದು ನನಗೆ ಗೊತ್ತಿತ್ತು. ಅದರಿಂದ ಮನೆಗೆ ಏನು ಉಪಯೋಗ ಎಂದು ಏಳು ವರ್ಷ ನಾನೇ ಹಾಸ್ಯ ಮಾಡಿದ್ದೆ!

ಬರೆದು ಮುಗಿಸಿ ನಮ್ಮಿಬ್ಬರಿಗೂ ಓದಿ ತೋರಿಸಿದಳು:

“ಮಾನ್ಯರೇ, ತಾವು ಇಸ್ಪೀಟು ಎನ್ನುವ ಎಲೆಗೆ ನಮ್ಮ ಕಡೆಯವರು ಹುಕುಂ ಎನ್ನುತ್ತಾರೆ. ತಾವು ಸಾಮಾನು ಕಟ್ಟುವುದಕ್ಕೆ ಹೇಳುವ ಪ್ಯಾಕ್ ಎಂಬ ಶಬ್ದವನ್ನು ಇವರು ಆಟ ಬಿಡುವುದಕ್ಕೆ ಹೇಳುತ್ತಾರೆ. ನಮ್ಮ ಯಜಮಾನರು ತಮಗೆ ಸೋಲಬೇಕೆಂದೇ ಬಂದಿದ್ದರು. ಅದೂ ಅವರಿಗೆ ಬರಲಿಲ್ಲ. ನಾನು ಏಳು ವರ್ಷದ ಮೇಲೆ ತಾಯಿಯಾಗಲಿದ್ದೇನೆ. ಗಫೂರಮಿಯಾ ಅವರ ತಾಯಿ ಹಾಸಿಗೆ ಹಿಡಿದಿದ್ದಾರೆ. ಇಬ್ಬರನ್ನೂ ಬೀದರಿನಲ್ಲಿಯೇ ಇರಗೊಟ್ಟರೆ ಇಬ್ಬರಿಗೂ ಕನ್ನಡ ಕಲಿಸುವ ಹೊಣೆ ನನ್ನದು.”

ಮರುದಿನ ಸಾಹೇಬರು ಕಾಗದ ಓದಿ ಕನ್ನಡಕ ತೆಗೆದರು. ಮೇಜಿಗೆ ಹಣೆ ಹಚ್ಚಿದರು. ಅವರ ಬೆನ್ನು ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ತಿಳಿದು ನಾನೂ ಅಳಲು ಸಿದ್ಧನಾದೆ. ಅವರು ನಗುತ್ತಿದ್ದರು!

“ಸೋಲೋಕೆ ಬಂದಿದ್ರೇನ್ರೀ?” ಎಂದು ಕಣ್ಣೊರೆಸಿಕೊಂಡರು. “ಮೂರು ರಾಣಿ ಕೆಳಗಿಟ್ಟೆ ಕಣ್ರೀ ನಾನು, ನಿಮ್ಮ ಮುಖ ನೋಡಿ!” ಆಮೇಲೆ ಹುಕುಂ ಹರಿದರು. “ಆಗ್ಲಿ. ಮೂರು ತಿಂಗಳು ಕೊಡ್ತೀನಿ. ಆಮೇಲೆ ನಾನೇ ಪರೀಕ್ಷೆ ತಗೋತೀನಿ. ಫೇಲಾದವರಿಗೆ ಬದಲಿ ತಪ್ಪಲ್ಲ.”

ಹೀಗೆ ಚಿದ್ರಿಯ ನಮ್ಮ ಮನೆಯಲ್ಲಿ ಶಾಲೆ ಶುರುವಾಯಿತು. ಮೀಸೆ ಬಂದ ಇಬ್ಬರು ವಿದ್ಯಾರ್ಥಿಗಳು ಪಾಟಿ ಬಳಪ ಹಿಡಿದು ಚಾಪೆಯ ಮೇಲೆ ಕುಳಿತೆವು. ಕಮಲಾಬಾಯಿ ಹುಣಸೆ ಬೀಜ ಜೋಡಿಸಿ ಅಕ್ಷರ ಬರೆಸುತ್ತಿದ್ದಳು. ಮತ್ತೆ ಅದೇ ಬೀಜ! ‘ಳ’ ಎಂಬ ಅಕ್ಷರಕ್ಕೆ ನನ್ನ ಬೀಜ ಯಾವಾಗಲೂ ಹೆಚ್ಚಾಗುತ್ತಿತ್ತು, ಗಫೂರಮಿಯಾ ಅವರಿಗೆ ಸರಿಹೋಗುತ್ತಿತ್ತು.

“ಬಹೆನ್, ಇದು ಬರೋಬರ್ ಅದ ಏನು?” ಎಂದು ಅವರು ಮಗುವಿನಂತೆ ಕೇಳುತ್ತಿದ್ದರು.

“ಭಾಳ ಛಲೋ ಬರದೀರಿ ಭಾಯಿ” ಎಂದು ಅವಳು ಹೇಳಿ, ನನ್ನ ಪಾಟಿ ನೋಡಿ, ಏನೂ ಹೇಳದೆ ಒರೆಸುತ್ತಿದ್ದಳು.

ಎಂಟು ತಿಂಗಳು ತುಂಬುವ ಹೊತ್ತಿಗೆ ಅವಳು ಬಾಣಂತನಕ್ಕೆ ಖಟಕ ಚಿಂಚೋಳಿಗೆ ಹೋದಳು. ಬಸ್ಸು ಹತ್ತುವ ಮೊದಲು ನನ್ನ ಕಡೆ ತಿರುಗಿ, “ಹೆದರಬ್ಯಾಡ್ರಿ. ನಿಮಗ ಎಲ್ಲಾ ಬರ್ತದ. ಪ್ರಶ್ನೆ ಪೂರಾ ಓದಿ ಉತ್ತರ ಬರೀರಿ” ಎಂದಳು. ಅವಳು ನನ್ನ ಬಗ್ಗೆ ಹೇಳಿದ ಒಂದೇ ಸುಳ್ಳು ಅದರ ನಡುವಿನ ವಾಕ್ಯ.

ಪರೀಕ್ಷೆಯ ದಿನ ಹೆದರುತ್ತಲೇ ಹೋದೆ. ಆದರೂ ಬರೆದೆ. ರಜೆ ಅರ್ಜಿ ಬರೆದೆ, ಉಕ್ತಲೇಖನ ಬರೆದೆ. ಕೊನೆಯ ಪ್ರಶ್ನೆಯಲ್ಲಿ ಹಳೆಯ ಶಬ್ದಗಳಿಗೆ ಈಗಿನ ಶಬ್ದ ಬರೆಯಬೇಕಿತ್ತು. ಅಲ್ಲಿ ಕೊನೆಯ ಶಬ್ದ ನೋಡಿ ನನಗೆ ನಗು ಬಂತು. ಹುಕುಂ! ಇದೊಂದನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಮೂರು ತಿಂಗಳ ಹೆದರಿಕೆ ಒಮ್ಮೆಲೇ ಹಾರಿಹೋಯಿತು. ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದೆ.

ಮೂರನೇ ದಿನ ಸಾಹೇಬರು ಕರೆದರು. ಗಫೂರಮಿಯಾ ಪಾಸಾಗಿದ್ದರು. ನಾನು ಒಂದೇ ಅಂಕದಲ್ಲಿ ಫೇಲಾಗಿದ್ದೆ.

“ಯಾವ ತಪ್ಪಿಗಿ ಹೋತ್ರಿ ಸಾಹೇಬ್ರ?”

ಸಾಹೇಬರು ನನ್ನ ಉತ್ತರ ಪತ್ರಿಕೆ ಮುಂದೆ ಹಿಡಿದರು. “ಹುಕುಂ ಅಂದ್ರೆ ಆದೇಶ ಅಂತ ಗಫೂರಮಿಯಾ ಬರೆದಿದಾರೆ. ನೀವೇನು ಬರೆದಿದೀರಿ, ಓದಿ.”

ಓದಿದೆ. ‘ಇಸ್ಪೀಟು.’

“ಕೊಳ್ಳೇಗಾಲಕ್ಕೆ ನಿಮ್ಮನ್ನ ಕಳಿಸೋ ಧೈರ್ಯ ನನಗಿಲ್ಲ. ಅಲ್ಲಿ ಇನ್ನೇನು ಅಂದುಬಿಡ್ತೀರೋ! ಹತ್ತಿರದಲ್ಲೇ ಇರಿ, ಔರಾದಿಗೆ ಹೋಗಿ” ಎಂದರು ಸಾಹೇಬರು.

ಅದೇ ವಾರ ನಮಗೆ ಮಗಳು ಹುಟ್ಟಿದಳು. ಬದಲಿ ಹುಕುಂ ಜೇಬಿನಲ್ಲಿಟ್ಟುಕೊಂಡು ಖಟಕ ಚಿಂಚೋಳಿಗೆ ಹೋದೆ. ಮಗಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಹೆದರಲಿಲ್ಲ. ಈ ಗುಣ ತಾಯಿಯದು. ಕಮಲಾಬಾಯಿ ಹಾಸಿಗೆಯಲ್ಲೇ ಕುಳಿತು ಕಾಗದ ಬಿಡಿಸಿದಳು. ಅವಳ ಮುಖ ಅರಳಿತು.

“ಅಯ್ಯ, ಗಫೂರಭಾಯಿ ಬರದದ್ದೇನ್ರಿ ಇದು? ಎಷ್ಟು ಛಂದ ಬರದಾರ! ‘ಳ’ ಅಂತೂ ನನಗಿಂತಾ ದುಂಡಗ ಅದ. ಒಂದೂ ತಪ್ಪಿಲ್ಲ ನೋಡ್ರಿ!”

“ಏನು ಬರದಾರ ಅದನ್ನ ಮೊದಲ ನೋಡು” ಎಂದೆ.

ನೋಡಿದಳು. ಬಹಳ ಹೊತ್ತು ನಕ್ಕಳು. “ಔರಾದೇನು ದೂರ ಅದರಿ? ನಾವಿಬ್ಬರೂ ಬರ್ತೇವು, ನೀವು ಮುಂದ ಹೋಗಿ ಮನಿ ನೋಡ್ರಿ. ಅಲ್ಲಿ ಎಲ್ಲಾರೂ ಮರಾಠಿ ಮಾತಾಡ್ತಾರ, ನಿಮ್ಮ ಕನ್ನಡದ ತಪ್ಪು ಯಾರಿಗೂ ತಿಳಿಯಂಗಿಲ್ಲ.”

ಮರುದಿನ ಚಿದ್ರಿಗೆ ಬಂದು, ಅಟ್ಟದ ಮೇಲಿನ ಟ್ರಂಕು ಕೆಳಗಿಳಿಸಿ, ಶೇರವಾನಿ ಮಡಿಚಿ ಒಳಗಿಟ್ಟು, ಮೇಲೆ ಪಾಟಿಯನ್ನೂ ಇಟ್ಟು ಮುಚ್ಚಿದೆ. ಪ್ಯಾಕ್! ಆ ಶಬ್ದವನ್ನು ನಾನು ಸಾಹೇಬರ ಅರ್ಥದಲ್ಲಿ ಬಳಸಿದ್ದು ಅದೇ ಮೊದಲು.